ಅದು ಅಕ್ಕನ ಹಾಡು

ಸೇಂಟ್ ಜಾನ್ಸ್, ನ್ಯೂಫೌಂಡ್‌ಲ್ಯಾಂಡ್
3 ಅಕ್ಟೋಬರ್ 1964

ಪ್ರೀತಿಯ ಡ್ರೂಸಿಲಾ ಅಕ್ಕನಿಗೆ,

ಈ ಕಾಗದ ತಲುಪುವ ಮೊದಲೇ ಸುದ್ದಿ ನಿನ್ನನ್ನು ತಲುಪಿರುತ್ತದೆ. ಕಾಲರ್ ಕೋವ್‌ಗೆ ಬರುವ ಅಂಚೆ ದೋಣಿ ನಿಧಾನ, ನಮ್ಮ ಹೆಟ್ಟಿ ಚಿಕ್ಕಮ್ಮನ ಬಾಯಿ ಜೋರು. ಆದರೂ ನನ್ನಿಂದಲೇ ಕೇಳು. ಕಳೆದ ಭಾನುವಾರ ಸಂಜೆ ನಾನು ರೇಡಿಯೋದಲ್ಲಿ ಹಾಡಿದೆ! ಸೋಪಿನ ಜಾಹೀರಾತಿನ ಎರಡು ಸಾಲಲ್ಲ, ಪೂರ್ತಿ ಹಾಡು, ಇಡೀ ದ್ವೀಪಕ್ಕೆ ಕೇಳುವ ಹಾಗೆ.

ಹೋಟೆಲಿನ ನೃತ್ಯಕೂಟಗಳಲ್ಲಿ ಹಾಡುತ್ತೇನಲ್ಲ, ಅಂಥ ಅಮೆರಿಕದ ಹಾಡುಗಳನ್ನೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಸ್ಟುಡಿಯೋದ ಮಿಸ್ಟರ್ ವಿನ್ಸರ್ ಅರ್ಧಕ್ಕೇ ಕೈ ಎತ್ತಿದರು. "ಇವನ್ನ ಹಾಡೋರು ಬೀದಿಗೊಬ್ರು ಸಿಕ್ತಾರೆ ಕಣಮ್ಮ. ನಿಮ್ಮೂರಿನದ್ದು ಏನಾದ್ರೂ ಬರುತ್ತಾ?" ಎಂದರು. ಬಾಯಿಗೆ ಬಂದದ್ದು 'ಗಾರ್ಲೆಂಡನ ತಟ್ಟೆ'.

ಅದು ನಿನ್ನ ಹಾಡು ಎಂದು ನನಗೆ ಗೊತ್ತಿಲ್ಲವೇ? ಗಾರ್ಲೆಂಡ್ ಚಿಕ್ಕಪ್ಪ ಕಡಲಲ್ಲಿ ಮುಳುಗಿದ ವರ್ಷ, ಬಾರದವನಿಗೆ ಊಟದ ತಟ್ಟೆ ಇಟ್ಟು ಕಾದದ್ದನ್ನೇ ಅಪ್ಪ ಹಾಡು ಕಟ್ಟಿದ್ದು, ಸಾಯುವ ಮುಂಚೆ ಅಡುಗೆಮನೆಯ ಮಂಚದ ಮೇಲೆ ಮಲಗಿಕೊಂಡೇ ನಿನ್ನ ಕೈ ಹಿಡಿದು "ಇದು ಇನ್ಮೇಲೆ ಡ್ರೂದು" ಎಂದದ್ದು, ಎಲ್ಲಕ್ಕೂ ನಾನೇ ಸಾಕ್ಷಿ. ಆಮೇಲೆ ನೀನಿರುವ ಕೋಣೆಯಲ್ಲಿ ನಾನು ಅದನ್ನು ಒಮ್ಮೆಯಾದರೂ ಹಾಡಿದ್ದೇನೆಯೇ? ಒಬ್ಬರ ಹಾಡಿಗೆ ಇನ್ನೊಬ್ಬರು ಬಾಯಿ ಹಾಕುವ ಪದ್ಧತಿ ನಮ್ಮೂರಲ್ಲಿ ಇಲ್ಲ ಎಂಬುದನ್ನು ನಾನು ಮರೆತಿಲ್ಲ. ಆದರೆ ಸ್ಟುಡಿಯೋದಲ್ಲಿ ನೀನು ಇರಲಿಲ್ಲವಲ್ಲ ಅಕ್ಕ.

ಹಾಡಿ ಮುಗಿಸಿದಾಗ ಪಿಟೀಲಿನವನು ಕಣ್ಣು ಒರೆಸಿಕೊಂಡ. ಇನ್ನು ಹದಿನೈದು ದಿನದಲ್ಲಿ ಅದರ ತಟ್ಟೆ, ಅಂದರೆ ಗ್ರಾಮಫೋನ್ ತಟ್ಟೆ, ಬರುತ್ತದಂತೆ. ನಿನಗೊಂದು ಕಳಿಸುತ್ತೇನೆ. ಸಂತೋಷಪಡು.

ನಿನ್ನ ತಂಗಿ,
ಟ್ರಿಫಿ

*

ಕಾಲರ್ ಕೋವ್
1 ನವೆಂಬರ್ 1964

ಟ್ರಿಫಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಮೀನು ಈ ಸಲ ಚೆನ್ನಾಗಿ ಒಣಗಿತು. ನಿನ್ನ ಭಾವ ಎಲಿಗೆ ಮೊಣಕಾಲು ನೋವು. ಗುಡ್ಡದ ಕೆಂಪು ಹಣ್ಣಿನ ಜ್ಯಾಮ್ ಇಪ್ಪತ್ತು ಬಾಟಲಿ ಮಾಡಿದೆ, ಎರಡು ಒಡೆದವು.

ನೀನು ಹಾಡಿದ್ದನ್ನು ಕೇಳಿದೆ. ಸ್ಟಕ್‌ಲೆಸ್ ಅವರ ಅಂಗಡಿಯ ರೇಡಿಯೋ ಮುಂದೆ ಊರೇ ನಿಂತಿತ್ತು. ನಾನು ಹಿಟ್ಟು ತರಲು ಹೋಗಿದ್ದೆ, ಅಷ್ಟೇ. ಗಂಟಲು ನಿನ್ನದು ಚೆನ್ನಾಗಿಯೇ ಇದೆ. ಆದರೆ ಕೊನೆಯ ಮಾತನ್ನೂ ಹಾಡಿಬಿಟ್ಟೆಯಲ್ಲೇ! "ತಟ್ಟೆ ಮೇಜಿನ ಮೇಲೇ ಇದೆ" ಎಂಬುದನ್ನು ಅಪ್ಪ ಯಾವತ್ತಾದರೂ ರಾಗದಲ್ಲಿ ಎಳೆದದ್ದುಂಟೇ? ಅಲ್ಲಿಗೆ ಬಂದಾಗ ರಾಗ ಬಿಟ್ಟು, ಪಕ್ಕದಲ್ಲಿ ಕುಳಿತವರಿಗೆ ಹೇಳುವ ಹಾಗೆ ಹೇಳಿ ಮುಗಿಸುತ್ತಿದ್ದರು. ಇಲ್ಲಿನ ಯಾವ ಹಾಡಿಗೂ ಅದೇ ಕೊನೆ. ನೀನು ಪಿಟೀಲಿನ ಜೊತೆ ಮೇಲಕ್ಕೆ ಏರಿಸಿ ಏರಿಸಿ, ಸತ್ತವನನ್ನು ಮದುವೆ ಮನೆಗೆ ಕರೆದುಕೊಂಡು ಹೋದೆ.

ನಾನು ಸ್ಟುಡಿಯೋದಲ್ಲಿ ಇರಲಿಲ್ಲ, ನಿಜ. ಅಂಗಡಿಯಲ್ಲಿ ಇದ್ದೆ.

ಗ್ರಾಮಫೋನ್ ತಟ್ಟೆ ಕಳಿಸುವ ಶ್ರಮ ಬೇಡ, ನಮ್ಮ ಮನೆಯಲ್ಲಿ ಗ್ರಾಮಫೋನ್ ಇಲ್ಲ.

ಡ್ರೂಸಿಲಾ

*

ಟೊರಾಂಟೊ
20 ಫೆಬ್ರವರಿ 1966

ಪ್ರೀತಿಯ ಅಕ್ಕ,

ಕೋಪ ಇಳಿಯಿತೇ? ಇಳಿಯದಿದ್ದರೂ ಇದನ್ನು ಓದು. ಇಲ್ಲಿ ಟೀವಿಯಲ್ಲಿ ವಾರಕ್ಕೊಮ್ಮೆ, ಅರ್ಧ ಗಂಟೆ, ನನ್ನದೇ ಹೆಸರಿನ ಕಾರ್ಯಕ್ರಮ! ಹೆಸರು ಮಾತ್ರ ಪೂರ್ತಿ ನನ್ನದಲ್ಲ. ಟ್ರಿಫೀನಾ ಪಾರ್ಡಿ ಎಂದರೆ ಮೀನಿನ ವಾಸನೆ ಬರುತ್ತದಂತೆ, ನಿರ್ದೇಶಕರು ಫೀನಾ ಪೇಜ್ ಎಂದು ಇಟ್ಟಿದ್ದಾರೆ. ಕಾರಿನಲ್ಲಿ ಕರೆದುಕೊಂಡು ಹೋಗಿ ಕಾರಿನಲ್ಲೇ ಬಿಡುತ್ತಾರೆ. ರೆಪ್ಪೆಗೂದಲು ಅಂಟಿಸಲು ಒಬ್ಬಳು, ಕೂದಲು ಎತ್ತಿ ಕಟ್ಟಲು ಇನ್ನೊಬ್ಬಳು. ಕಾರ್ಯಕ್ರಮದ ಕೊನೆಗೆ ಪ್ರತಿ ವಾರವೂ 'ಗಾರ್ಲೆಂಡನ ತಟ್ಟೆ' ಇರಲೇಬೇಕು, ಅದಿಲ್ಲದಿದ್ದರೆ ಜನ ಫೋನ್ ಮಾಡುತ್ತಾರೆ. ಕೊನೆಯ ಮಾತನ್ನು ಮಾತಿನಲ್ಲೇ ಹೇಳುತ್ತೇನೆ ಎಂದು ಕೇಳಿ ನೋಡಿದೆ. "ಹಾಡು ಮರೆತುಹೋಯ್ತು ಅಂದ್ಕೋತಾರಮ್ಮ, ಬೇಡ" ಎಂದರು.

ನೀನು ನೋಡಿದರೆ ನಗುತ್ತೀಯ. ನನ್ನ ಹಿಂದೆ ಬಲೆ ಇಳಿಬಿಟ್ಟು ಅದರಲ್ಲಿ ಪ್ಲಾಸ್ಟಿಕ್ಕಿನ ಸಿಗಡಿ ಸಿಕ್ಕಿಸಿದ್ದಾರೆ. ಹಸಿ ಸಿಗಡಿಗೆ ಕೆಂಪು ಬಣ್ಣ ಇರುವುದಿಲ್ಲ, ಅದು ಬೆಂದ ಮೇಲಿನ ಬಣ್ಣ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿನಗೊಂದು ಕೋಟು ಕಳಿಸಿದ್ದೇನೆ, ಕಾಲರಿಗೆ ತುಪ್ಪಳ ಇದೆ. ಚರ್ಚಿಗೆ ಹಾಕಿಕೊಂಡು ಹೋಗು, ಮಿಸೆಸ್ ಸ್ಟಕ್‌ಲೆಸ್ ಹೊಟ್ಟೆ ಉರಿದುಕೊಳ್ಳಲಿ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ಅಪ್ಪನ ಬಳಿ ಇಪ್ಪತ್ತಕ್ಕೂ ಹೆಚ್ಚು ಹಾಡಿದ್ದವು. ಎಲ್ಲವನ್ನೂ ಹಂಚಿದರು. ಎಲಿಗೂ ಒಂದು ಕೊಟ್ಟರು, ಅವನ ದನಿಯೋ ದೋಣಿ ಎಳೆದ ಹಾಗೆ! ನನಗೆ ಒಂದೂ ಕೊಡಲಿಲ್ಲ. "ನೀನು ಹೋಗುವವಳು" ಎಂದರು. ಆಗ ನನಗೆ ಹದಿನೇಳು, ಎಲ್ಲಿಗೂ ಹೊರಟಿರಲಿಲ್ಲ.

ಟ್ರಿಫಿ

*

ಕಾಲರ್ ಕೋವ್
10 ಸೆಪ್ಟೆಂಬರ್ 1967

ಟ್ರಿಫಿಗೆ,

ತಡವಾಯಿತು. ಬರೆಯಬಾರದು ಎಂದುಕೊಂಡಿದ್ದೆ.

ಕೋಟು ಬಂತು. ನಮ್ಮ ಚರ್ಚಿನ ಬೆಂಚಿನಲ್ಲಿ ಅದನ್ನು ಹಾಕಿಕೊಂಡರೆ ಅತ್ತಿತ್ತ ತಿರುಗಲಾಗುವುದಿಲ್ಲ. ಹೆಟ್ಟಿ ಚಿಕ್ಕಮ್ಮನಿಗೆ ಕೊಟ್ಟೆ. ಅವರು ಅದರಲ್ಲೇ ಕೋಳಿಗೆ ಕಾಳು ಹಾಕುತ್ತಾರೆ.

ಊರಿಗೆ ಕರೆಂಟು ಬಂತು. ಅಡುಗೆಮನೆಯ ನಡುವೆ ತೂಗುತ್ತಿದ್ದ ಲಾಟೀನನ್ನು ಇಳಿಸಿ ಅಟ್ಟಕ್ಕೆ ಹಾಕಿದೆವು. ನೀನು ಉದ್ದ ಬೆಳೆದ ವರ್ಷ ಹಣೆ ಬಡಿಸಿಕೊಳ್ಳುತ್ತಿದ್ದೆಯಲ್ಲ, ಅದೇ. ಕರೆಂಟಿನ ಹಿಂದೆಯೇ ಟೀವಿ ಬಂತು, ಮೊದಲು ಅಂಗಡಿಗೆ, ಈಗ ಆರು ಮನೆಗೆ. ಗುರುವಾರ ಸಂಜೆ ಊರಲ್ಲಿ ನಾಯಿ ಕೂಡ ಓಡಾಡುವುದಿಲ್ಲ. ಎಲ್ಲರೂ ನಿನ್ನ ಮುಂದೆ ಕುಳಿತಿರುತ್ತಾರೆ. ನಿನ್ನ ಸಿಗಡಿಯನ್ನು ನೋಡಿದೆ.

ಈಗ ನಿಜವಾದ ಸುದ್ದಿ ಬರೆಯುತ್ತೇನೆ. ಆಗಸ್ಟಿನಲ್ಲಿ ಊರ ಸಭಾಭವನದಲ್ಲಿ ಊಟ, ಕುಣಿತ ಇತ್ತು. ಎಂದಿನಂತೆ ನನ್ನನ್ನು ಕರೆದರು. "ಡ್ರೂ, ನಿನ್ನ ಹಾಡು ಬರ್ಲಿ!" ಎದ್ದು ನಿಂತು ಹಾಡಿದೆ. ಮುಗಿದ ಮೇಲೆ ಎಲಿಯ ತಮ್ಮನ ಮಗಳು ನೆಟ್ಟಾ, ಹತ್ತು ವರ್ಷದ ಹುಡುಗಿ, ನನ್ನ ಬಳಿ ಬಂದಳು. "ದೊಡ್ಡಮ್ಮ, ಫೀನಾ ಪೇಜ್ ಹಾಡನ್ನ ನೀವೂ ಚೆನ್ನಾಗಿ ಹಾಡ್ತೀರ. ಆದ್ರೆ ಕೊನೇಲಿ ರಾಗ ಮರ್ತ್‌ಬಿಟ್ರಿ" ಎಂದಳು.

ಯಾರೋ ನಕ್ಕರು. ಕೆಟ್ಟದ್ದೆಣಿಸಿ ನಕ್ಕದ್ದಲ್ಲ. ನಾನೂ ನಕ್ಕೆ. ಮನೆಗೆ ಬಂದು ಬಟ್ಟಲುಗಳನ್ನು ಎಷ್ಟು ಜೋರಾಗಿ ತೊಳೆದೆ ಎಂದರೆ ಎಲಿ ಹೊರಗೆ ಹೋಗಿ ಕುಳಿತ.

ನನ್ನ ಹತ್ತಿರ ಇದ್ದದ್ದು ಅದೊಂದೇ ಟ್ರಿಫಿ. ಹೊಸ ಕೋಟಲ್ಲ, ಕಾರಲ್ಲ. ವರ್ಷಕ್ಕೆ ನಾಲ್ಕೈದು ಸಲ ಎದ್ದು ನಿಂತಾಗ ಊರು ಸುಮ್ಮನಾಗುತ್ತಿತ್ತು, ಅಷ್ಟೇ. ಈಗ ನನ್ನ ಹಾಡನ್ನೇ ನಾನು ಕದ್ದು ಹಾಡಿದ ಹಾಗೆ ಆಗಿದೆ. ಹೌದು, ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪಾದ್ರಿಯ ಮುಂದೆ ಹೇಳಬೇಕಾದ್ದನ್ನು ನಿನ್ನ ಮುಂದೆ ಹೇಳುತ್ತಿದ್ದೇನೆ, ಯಾಕೆಂದರೆ ಅದರಲ್ಲಿ ಅರ್ಧ ನಿನ್ನದೇ ಕೆಲಸ.

ಇನ್ನು ನಾನು ಹಾಡುವುದಿಲ್ಲ.

ಡ್ರೂಸಿಲಾ ರೈಡ್‌ಔಟ್

*

ಟೊರಾಂಟೊ
28 ನವೆಂಬರ್ 1968

ಅಕ್ಕ,

ಒಂದು ವರ್ಷದಿಂದ ಉತ್ತರ ಬರೆಯದೆ ಇದ್ದೆ. ಬರೆದೆ, ಹರಿದೆ. ಇದು ಚಿಕ್ಕ ಕಾರ್ಡು, ಜಾಗವಿಲ್ಲ.

ಇಲ್ಲಿ ಕೆಲಸವೋ ಕೆಲಸ. ಹೊಸ ಸರಣಿಯ ಮಾತುಕತೆ ನಡೆದಿದೆ, ಉಸಿರಾಡಲೂ ಬಿಡುವಿಲ್ಲ. ಈ ಕ್ರಿಸ್‌ಮಸ್‌ಗೂ ಬರಲಾಗದು. ನೀನು ಕಪ್ಪು ಕೇಕ್ ಮಾಡಿದ್ದೀಯಾ? ಕಾಕಂಬಿ ಹಾಕಿದ್ದು? ಇಲ್ಲಿನ ಕೇಕಿಗೆ ರುಚಿಯೇ ಇಲ್ಲ.

ಟ್ರಿಫಿ

*

ಕಾಲರ್ ಕೋವ್
9 ಜನವರಿ 1969

ಪ್ರೀತಿಯ ಟ್ರಿಫಿ,

ಕಾರ್ಡು ಬಂತು. ಹೊಸ ಸರಣಿಯಂತೆ, ಒಳ್ಳೆಯದಾಗಲಿ. ದೊಡ್ಡವರಿಗೆ ಬಿಡುವೆಲ್ಲಿ?

ನೀನು ಬರದಿದ್ದರೂ ನಮ್ಮ ಕ್ರಿಸ್‌ಮಸ್ ಚೆನ್ನಾಗಿಯೇ ಆಯಿತು. ಈ ಸಲ ಹಬ್ಬದ ಹನ್ನೆರಡು ದಿನವೂ ವೇಷದವರು ಮುಖ ಮುಚ್ಚಿಕೊಂಡು ಮನೆಮನೆಗೆ, ದಿನಾ ಸಂಜೆ ಬಂದರು. ಟೀವಿ ಬಂದ ಮೇಲೆ ಆ ಪದ್ಧತಿ ಸತ್ತೇಹೋಯಿತು ಎಂದುಕೊಂಡಿದ್ದೆ. ಕೊನೆಯ ದಿನ, ಆರನೇ ತಾರೀಕು ಬಂದವರ ಕತೆ ನಿನಗೆ ಹೇಳಲೇಬೇಕು.

ಇನ್ನೂ ಏಳು ಗಂಟೆ ಆಗಿರಲಿಲ್ಲ. ಅಡುಗೆಮನೆ ತುಂಬಾ ಜನ. ಬಾಗಿಲು ತಟ್ಟಿದ ಸದ್ದು, ಆಮೇಲೆ ಉಸಿರು ಒಳಗೆಳೆದುಕೊಂಡು ಆಡುವ ಆ ಕಳ್ಳದನಿ, "ವೇಷದವ್ರನ್ನ ಒಳಗೆ ಬಿಡ್ತೀರಾ?"

"ಬೂಟಿನ ಹಿಮ ಕೊಡವ್ಕೊಂಡು ಬನ್ರೋ!" ಎಂದ ಎಲಿ.

ಮೂವರು ಬಂದರು. ಇಬ್ಬರು ದಪ್ಪಗೆ, ಒಬ್ಬರು ಎತ್ತರಕ್ಕೆ. ಎತ್ತರದವರು ಗಂಡಸರು ಕಡಲಿಗೆ ಹೋಗುವಾಗ ಹಾಕುವ ಎಣ್ಣೆಬಟ್ಟೆಯ ಅಂಗಿ ತೊಟ್ಟು, ಬೆನ್ನಿಗೆ ದಿಂಬು ತುರುಕಿ ಗೂನು ಮಾಡಿಕೊಂಡು, ಮುಖಕ್ಕೆ ಕಿಟಕಿಯ ಜಾಲರಿ ಪರದೆ ಇಳಿಬಿಟ್ಟಿದ್ದರು. ಕೈಗೆ ಉಣ್ಣೆಯ ಕೈಗವಸು, ಬೆರಳು ಕೂಡ ಕಾಣದು. ದಪ್ಪಗಿದ್ದ ಇಬ್ಬರು ಯಾರೆಂದು ಹಿಡಿಯುವುದು ಏನು ಕಷ್ಟ? ಹೆಟ್ಟಿ ಚಿಕ್ಕಮ್ಮ ಮತ್ತು ಅವರ ಮಗಳು ವೆಲ್ಮಾ. ಹೆಸರು ಹೇಳಿದ ಕೂಡಲೇ ಮುಸುಕು ತೆಗೆದು, ನಗುತ್ತಾ ಕೇಕ್ ತಿನ್ನಲು ಕುಳಿತರು. ಎತ್ತರದವರನ್ನು ಮಾತ್ರ ಯಾರಿಗೂ ಹಿಡಿಯಲಾಗಲಿಲ್ಲ. ಕುಣಿಸಿದೆವು, ಕುಣಿದರು. ಒಂಟಿ ಕಾಲಲ್ಲಿ ನಿಲ್ಲಿಸಿದೆವು, ನಿಂತರು. ನಾನು ಊರಲ್ಲಿದ್ದವರ ಹೆಸರನ್ನೆಲ್ಲ ಹೇಳಿದೆ, ಸತ್ತವರ ಹೆಸರನ್ನೂ ಎರಡು ಸೇರಿಸಿದೆ. ಒಂದೊಂದಕ್ಕೂ ತಲೆ ಅಡ್ಡಡ್ಡ ಆಡಿತು.

ನೆಟ್ಟಾ ಕೂಗಿದಳು, "ಫೀನಾ ಪೇಜ್!"

ನಾನು ಹೇಳಿದೆ, "ಹೋಗೇ, ಅವ್ಳಿಗೆಲ್ಲಿ ಪುರುಸೊತ್ತು? ಅವ್ಳು ಇಲ್ಲಿಗೆ ಬರೋ ಪೈಕಿನಾ?" ಎಲ್ಲರೂ ನಕ್ಕರು. ಮನೆಯ ಯಜಮಾನಿ ಒಪ್ಪದ ಹೆಸರು ಲೆಕ್ಕಕ್ಕಿಲ್ಲ, ನಿನಗೆ ಗೊತ್ತೇ ಇದೆ.

ಆಮೇಲೆ ಎಲಿ ಸುಮ್ಮನಿರದೆ, "ಡ್ರೂ, ವೇಷದವ್ರಿಗೋಸ್ಕರ ಒಂದ್ಸಲ ಹಾಡೇ" ಎಂದ. ನಾನು ಹಾಡಿದೆ. ಹೌದು, ಅದನ್ನೇ. ಒಂದೂವರೆ ವರ್ಷದ ಮೇಲೆ. ಎತ್ತರದವರ ಮುಂದೆಯೇ ಕುರ್ಚಿ ಹಾಕಿಕೊಂಡು ಕುಳಿತು, ಜಾಲರಿಯನ್ನೇ ನೋಡುತ್ತಾ, ಅಪ್ಪ ಹಾಡುತ್ತಿದ್ದ ಹಾಗೆ, ಅವಸರವಿಲ್ಲದೆ. ಕೊನೆಯ ಮಾತನ್ನು ಹೇಳಿ ಮುಗಿಸಿದೆ. ನೆಟ್ಟಾ ಕೂಡ ಬಾಯಿ ಬಿಡಲಿಲ್ಲ.

ಹೆಸರು ಹೇಳಲಾಗದ ವೇಷಕ್ಕೆ ಕೇಕೂ ಇಲ್ಲ, ಗುಟುಕು ಪಾನಕವೂ ಇಲ್ಲ. ಎತ್ತರದವರು ಹಾಗೇ ಎದ್ದು ಹೋದರು. ಯಾರಿರಬಹುದು ಎಂದು ಇವತ್ತಿಗೂ ಊರಿಡೀ ಮಾತು.

ಇಷ್ಟು ಒಳ್ಳೆಯ ಕ್ರಿಸ್‌ಮಸ್ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ.

ನಿನ್ನ ಅಕ್ಕ,
ಡ್ರೂ

*

ಟೊರಾಂಟೊ
2 ಫೆಬ್ರವರಿ 1969

ಡ್ರೂಸಿಲಾ,

ನಿನಗೆ ಗೊತ್ತಿತ್ತು.

ಗೊತ್ತಿದ್ದೂ ಕಾಗದದಲ್ಲಿ ನನ್ನನ್ನು ಇನ್ನೊಮ್ಮೆ ಕುಣಿಸಿದೆ. ನಿನ್ನ ಕಾಗದ ಓದುವ ತನಕ, ಪಾಪ, ಅಕ್ಕನಿಗೆ ನಿಜವಾಗಿಯೂ ಗುರುತು ಸಿಗಲಿಲ್ಲ ಎಂದೇ ನಂಬಿದ್ದೆ. 'ಪ್ರೀತಿಯ ಟ್ರಿಫಿ' ಎಂದು ನೀನು ನನಗೆ ಯಾವತ್ತು ಬರೆದಿದ್ದೀಯ? ಅಲ್ಲೇ ಸಿಕ್ಕಿಬಿದ್ದೆ.

ಈಗ ನಾನು ಮುಚ್ಚಿಟ್ಟದ್ದನ್ನು ಕೇಳು. ಹೊಸ ಸರಣಿ ಇಲ್ಲ. ಅಕ್ಟೋಬರಿನಲ್ಲೇ ಕಾರ್ಯಕ್ರಮ ನಿಲ್ಲಿಸಿದರು. ಬಲೆ, ಸಿಗಡಿ, ನಾನು, ಎಲ್ಲವೂ ಹಳೆಯದಾಯಿತಂತೆ. ಈಗ ಗಿಟಾರ್ ಹಿಡಿದ, ಬಾಚದ ಕೂದಲಿನ ಹುಡುಗಿಯರ ಕಾಲ. ಕಾರು ಕಳಿಸುವುದಿಲ್ಲ. ಅಂಗಡಿಯಲ್ಲಿ ಜನ ನನ್ನ ಮುಖ ನೋಡಿ, "ನೀವು ಮುಂಚೆ ಅವರಲ್ವಾ?" ಎನ್ನುತ್ತಾರೆ. ಮೂವತ್ತೊಂದು ವರ್ಷಕ್ಕೆ ನಾನು 'ಮುಂಚೆ' ಆಗಿಹೋದೆ.

ಹೆಟ್ಟಿ ಚಿಕ್ಕಮ್ಮನಿಗೆ ಮಾತ್ರ ಬರೆದು, ಬಾಯಿ ಬಿಡಬಾರದೆಂದು ಆಣೆ ಹಾಕಿಸಿ ಬಂದೆ. ಹಡಗು, ರೈಲು, ಕೊನೆಗೆ ಕೊಲ್ಲಿಯ ಮಂಜುಗಡ್ಡೆಯ ಮೇಲೆ ವೆಲ್ಮಾಳ ಗಂಡನ ಸ್ನೋಮೊಬೈಲು. ಚಳಿಗಾಲ ಪೂರ್ತಿ ನಿನ್ನ ಮನೆಯಲ್ಲಿ ಇರಲೇ ಎಂದು ಕೇಳಲು ಬಂದೆ. ಅಲ್ಲಿಂದ ಮುಂದೆ ಏನು ಎಂದು ಯೋಚಿಸಿರಲಿಲ್ಲ. ಹೊರಗಿನ ಗೇಟಿನ ತನಕ ಬಂದವಳಿಗೆ ನಿನ್ನ ಹಳೆಯ ಕಾಗದ ನೆನಪಾಗಿ ಬಾಗಿಲು ತಳ್ಳಿಕೊಂಡು ಒಳಗೆ ಬರುವ ಧೈರ್ಯ ಹೋಯಿತು. ನಮ್ಮೂರಲ್ಲಿ ಬಾಗಿಲು ತಟ್ಟುವವರು ಇಬ್ಬರೇ, ಪರವೂರಿನವರು ಮತ್ತು ವೇಷದವರು. ವಾಪಸ್ ಹೋಗಿ ಚಿಕ್ಕಮ್ಮನ ಪರದೆ ಕಿತ್ತು ಮುಖಕ್ಕೆ ಹಾಕಿಕೊಂಡೆ. ಅಕ್ಕ ಹೆಸರು ಹೇಳುತ್ತಾಳೆ, ಮುಸುಕು ತೆಗೆಯುತ್ತೇನೆ, ಎಲ್ಲರೂ ನಗುತ್ತಾರೆ, ಆ ಗಲಾಟೆಯಲ್ಲಿ ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ ಎಂದುಕೊಂಡಿದ್ದೆ.

ನೀನು ಹಾಡಿದೆ. ನಾನು ಜಾಲರಿಯೊಳಗೆ ಅತ್ತುಬಿಟ್ಟೆ. ಉಸಿರು ಒಳಗೆಳೆದುಕೊಂಡು ಮಾತಾಡಬಹುದು, ಅಳುವುದು ಬಹಳ ಕಷ್ಟ.

ಅತ್ತದ್ದು ಚಿಕ್ಕಪ್ಪನಿಗಾಗಿಯೂ ಅಲ್ಲ, ನನಗಾಗಿಯೂ ಅಲ್ಲ. ಹೊಟ್ಟೆಕಿಚ್ಚಿಗೆ. ನಾಲ್ಕು ವರ್ಷ, ಹದಿನೆಂಟು ವಾದ್ಯ ಇಟ್ಟುಕೊಂಡು, ನಾನು ಒಂದು ಸಲವೂ ಹಾಗೆ ಹಾಡಲಿಲ್ಲ. ನೀನು ಮಡಿಲಲ್ಲಿ ಕೈ ಇಟ್ಟುಕೊಂಡು, ಅಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಹಾಡಿಬಿಟ್ಟೆ. ಅಪ್ಪ ಸರಿಯಾದವಳಿಗೇ ಕೊಟ್ಟಿದ್ದಾರೆ. ಅದನ್ನು ಒಪ್ಪಿಕೊಳ್ಳಲು ನನಗೆಷ್ಟು ಸಂಕಟ ಎಂದು ನಿನಗೆ ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಒಂದು ಪ್ರಶ್ನೆಗೆ ಉತ್ತರ ಬೇಕು. ದಿಂಬಿತ್ತು, ಪರದೆ ಇತ್ತು, ಬೂಟು ಕೂಡ ಎಡಬಲ ಬದಲಿಸಿ ಹಾಕಿಕೊಂಡಿದ್ದೆ. ಹೇಗೆ ಗುರುತು ಹಿಡಿದೆ?

ಟ್ರಿಫಿ

*

ಕಾಲರ್ ಕೋವ್
16 ಆಗಸ್ಟ್ 1970

ಮಿಸ್ ಫೀನಾ ಪೇಜ್ ಅವರಿಗೆ,

ಉತ್ತರಕ್ಕೆ ಒಂದೂವರೆ ವರ್ಷ ಹಿಡಿಯಿತು. ನಾಚಿಕೆಯಿಂದ ಬರೆಯಲಾಗಲಿಲ್ಲ. ಈಗ ಕೋಪ ಬಂದದ್ದರಿಂದ ಬರೆಯುವುದು ಸುಲಭವಾಗಿದೆ.

ಮೊದಲು ನಿನ್ನ ಪ್ರಶ್ನೆ. ಒಳಗೆ ಬಂದವಳು ಅಡುಗೆಮನೆಯ ನಡುವೆ ಬಂದಾಗ ನೀನು ತಲೆ ತಗ್ಗಿಸಿದೆ. ಅಲ್ಲಿ ಏನೂ ಇಲ್ಲ. ಲಾಟೀನು ಇಳಿಸಿ ಎರಡು ವರ್ಷವಾಗಿತ್ತು. ಊರಲ್ಲಿ ಯಾರೂ ಈಗ ಅಲ್ಲಿ ತಲೆ ತಗ್ಗಿಸುವುದಿಲ್ಲ. ಇಲ್ಲದ ಲಾಟೀನಿಗೆ ಹಣೆ ತಪ್ಪಿಸಿಕೊಳ್ಳುವವಳು ಭೂಮಿಯ ಮೇಲೆ ಒಬ್ಬಳೇ.

ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೋಣೆಯ ಸುತ್ತ ನೋಡಿದೆ. ಹೆಸರು ಹೇಳಿದರೆ ನೀನು ಮುಸುಕು ತೆಗೆಯುತ್ತೀಯ, ತೆಗೆದ ಕೂಡಲೇ ಎಲಿಯಿಂದ ಹಿಡಿದು ನೆಟ್ಟಾಳ ತನಕ ಎಲ್ಲರ ಮುಖವೂ ನಿನ್ನ ಕಡೆ ತಿರುಗುತ್ತದೆ. ನನ್ನ ಮನೆ, ನನ್ನ ಒಲೆ, ಮತ್ತೆ ನಿನ್ನ ಸಭೆ. ಒಂದೇ ಒಂದು ಸಂಜೆ ಹಾಗಾಗದಿರಲಿ ಎಂದು ಬಾಯಿ ಮುಚ್ಚಿಕೊಂಡೆ. ನೀನು ಇರಲಿಕ್ಕೆ ಕೇಳಲು ಬಂದಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ. ಇನ್ನಷ್ಟು ಹಾಡು ಹುಡುಕಿಕೊಂಡು ಬಂದಿದ್ದೀಯ ಎಂದುಕೊಂಡೆ. ಗೊತ್ತಿದ್ದರೆ ಹೇಳುತ್ತಿದ್ದೆನೇ? ಹೇಳುತ್ತಿದ್ದೆ ಎಂದು ಬರೆಯಲು ಆಸೆ. ಖಚಿತವಿಲ್ಲ.

ನೀನು ಹೊರಟ ಮೇಲೆ ಕೇಕಿನ ಒಂದು ತುಂಡು ಬಟ್ಟೆಯಲ್ಲಿ ಸುತ್ತಿಕೊಂಡು ಗೇಟಿನ ತನಕ ಬಂದೆ. ಸ್ನೋಮೊಬೈಲಿನ ದೀಪ ಆಗಲೇ ಕೊಲ್ಲಿಯ ಮೇಲಿತ್ತು.

ಇದು ನಾಚಿಕೆಯ ಭಾಗ. ಇನ್ನು ಕೋಪದ್ದು. ವೆಲ್ಮಾ ರಜೆಗೆ ಷಾರ್ಲಟ್‌ಟೌನ್‌ಗೆ ಹೋಗಿದ್ದವಳು ನಿನ್ನ ನಾಟಕ ನೋಡಿ ಬಂದಿದ್ದಾಳೆ. ಟೀವಿ ಹೋಯಿತು, ಈಗ ರಂಗಮಂದಿರದಲ್ಲಿ ನಿನ್ನ ಹೆಸರೇ ಎಲ್ಲರಿಗಿಂತ ದೊಡ್ಡದಂತೆ. ಕಡಲೂರಿನ ಮುದುಕಿಯ ಪಾತ್ರವಂತೆ. ವೆಲ್ಮಾ ನಮ್ಮ ಮನೆಗೆ ಬಂದು ಕುಳಿತವಳು ನಗು ತಡೆಯಲಾಗದೆ, "ಡ್ರೂ ಅಕ್ಕ, ಥೇಟ್ ನೀವೇ! ಚಹಾ ತಟ್ಟೆಗೆ ಸುರ್ಕೊಂಡು ಊದೋದು, ಸಿಟ್ಟು ಬಂದ್ರೆ ಒಲೆ ಮುಚ್ಚಳ ಕುಕ್ಕೋದು, 'ಅಷ್ಟೇ' ಅಂತ ಹೇಳಿ ಗಲ್ಲ ಎತ್ತೋದು, ಎಲ್ಲ! ಜನ ಬಿದ್ದು ಬಿದ್ದು ನಗ್ತಾರೆ" ಎಂದಳು. ಆಗ ನನ್ನ ಕೈಯಲ್ಲಿ ಒಲೆಯ ಮುಚ್ಚಳವೇ ಇತ್ತು. ಕುಕ್ಕಲೂ ಆಗಲಿಲ್ಲ, ಇಡಲೂ ಆಗಲಿಲ್ಲ.

ಮೊದಲು ನೀನು ನನ್ನ ಹಾಡು ತೆಗೆದುಕೊಂಡೆ. ಈಗ ನನ್ನನ್ನೇ ತೆಗೆದುಕೊಂಡು ಹೋಗಿ ನಗುವವರ ಮುಂದೆ ಇಟ್ಟಿದ್ದೀಯ. ಇನ್ನೇನು ಉಳಿದಿದೆ? ಎಲಿಯ ಮೊಣಕಾಲು ಬೇಕೇ?

ಡ್ರೂಸಿಲಾ ರೈಡ್‌ಔಟ್

*

ಷಾರ್ಲಟ್‌ಟೌನ್
5 ಸೆಪ್ಟೆಂಬರ್ 1970

ಅಕ್ಕ,

ಕೇಕ್ ತಂದಿದ್ದೆಯಾ? ಆ ಸಾಲನ್ನು ಎಷ್ಟು ಸಲ ಓದಿದೆನೋ.

ಮುದುಕಿಯ ಪಾತ್ರದ ವಿಷಯ ನೀನು ಹೇಳಿದ್ದೆಲ್ಲ ನಿಜ. ನಿನ್ನ ಮೇಲಿನ ಸಿಟ್ಟಿಗೇ ಶುರು ಮಾಡಿದೆ. ನನ್ನನ್ನು ಕುಣಿಸಿದವಳನ್ನು ನಾನೂ ಕುಣಿಸುತ್ತೇನೆ ಎಂದುಕೊಂಡೆ. ಮೊದಲ ವಾರ ಹಾಗೇ ಆಡಿದೆ. ಆಮೇಲೆ ಬೇರೆ ಏನೋ ಆಯಿತು, ಕಾಗದದಲ್ಲಿ ಬರೆಯಲು ಬರುವುದಿಲ್ಲ.

ನವೆಂಬರಿನಲ್ಲಿ ನಾಟಕ ಸೇಂಟ್ ಜಾನ್ಸ್‌ಗೆ ಬರುತ್ತದೆ. ಎರಡು ಟಿಕೆಟ್ ಇಟ್ಟಿದ್ದೇನೆ. ವೆಲ್ಮಾ ಮಾತು ಬಿಡು, ಅವಳು ನಗುವ ಭಾಗವನ್ನಷ್ಟೇ ಹೇಳಿದ್ದಾಳೆ. ನೀನೇ ಬಂದು ನೋಡಿ ಆಮೇಲೆ ಬೈ. ಬರುವ ದಿನ ನನಗೆ ತಿಳಿಸಬೇಡ, ತಿಳಿದರೆ ನನಗೆ ನಾಟಕದ ಮಾತು ಮರೆತುಹೋಗುತ್ತದೆ.

'ಗಾರ್ಲೆಂಡನ ತಟ್ಟೆ'ಯನ್ನು ನಾನು ಆ ಜನವರಿಯಿಂದ ಹಾಡಿಲ್ಲ.

ಟ್ರಿಫಿ

*

ಕಾಲರ್ ಕೋವ್
22 ನವೆಂಬರ್ 1970

ಟ್ರಿಫಿ,

ಬಂದಿದ್ದೆವು. ಬಸ್ಸಿನಲ್ಲಿ ಎಲಿ ಮೊಣಕಾಲು ಹಿಡಿದುಕೊಂಡು ದಾರಿಯುದ್ದಕ್ಕೂ ನರಳಿದ. ನಾನು ದಾರಿಯುದ್ದಕ್ಕೂ ಬೈಗುಳ ಸಿದ್ಧ ಮಾಡಿಕೊಂಡೆ, ಬಹಳ ಒಳ್ಳೊಳ್ಳೆಯವು ಹೊಳೆದಿದ್ದವು.

ಪರದೆ ಏರಿತು. ಅಲ್ಲಿ ನನ್ನ ಅಡುಗೆಮನೆ. ನೀನು ಬಿಳಿ ಕೂದಲು ಹಾಕಿಕೊಂಡು, ಏಪ್ರನ್ ಕಟ್ಟಿಕೊಂಡು ಚಹಾ ಊದಿದೆ. ಜನ ನಕ್ಕರು. ಎಲಿಯೂ ನಕ್ಕ, ನಾನು ಅವನ ತೊಡೆ ಚಿವುಟಿದೆ. ನೀನು ಒಲೆಯ ಮುಚ್ಚಳ ಕುಕ್ಕಿದೆ, ಜನ ಮತ್ತೆ ನಕ್ಕರು. ನನಗೆ ಎದ್ದು ಹೋಗೋಣ ಅನಿಸಿತು. ಕೂದಲು ನನಗಿನ್ನೂ ಅಷ್ಟು ಬೆಳ್ಳಗಾಗಿಲ್ಲ, ಅದೊಂದು ಕೋಪ ಬೇರೆ.

ಆಮೇಲೆ ಆ ಕ್ರಿಸ್‌ಮಸ್ ದೃಶ್ಯ ಬಂತು. ಕೋಣೆ ತುಂಬಾ ಜನ, ಪಿಟೀಲು. ಒಬ್ಬ ಮೀನುಗಾರ ಎದ್ದು, "ಅಮ್ಮ, 'ಗಾರ್ಲೆಂಡನ ತಟ್ಟೆ' ಹಾಡ್ರಮ್ಮ!" ಎಂದ. ನಮ್ಮ ಸುತ್ತ ಕುಳಿತವರೆಲ್ಲ ಚಪ್ಪಾಳೆ ತಟ್ಟಿದರು. ಟೀವಿಯ ಫೀನಾ ಪೇಜ್ ಹಾಡುತ್ತಾಳೆ ಎಂದೇ ಟಿಕೆಟ್ ಕೊಂಡವರು ಅವರು. ನೀನು ಬರೆದದ್ದೆಲ್ಲ ಸುಳ್ಳು, ಈಗ ಹಾಡೇ ಹಾಡುತ್ತಾಳೆ ಎಂದುಕೊಂಡೆ.

ನೀನು ಚಹಾದ ಬಟ್ಟಲು ಕೆಳಗಿಟ್ಟೆ. ರಾಗವಿಲ್ಲ, ಏನಿಲ್ಲ, ಪಕ್ಕದಲ್ಲಿ ಕುಳಿತವರಿಗೆ ಹೇಳುವ ಹಾಗೆ ಹೇಳಿದೆ. "ಅದು ನನ್ನ ಹಾಡಲ್ಲಪ್ಪ. ಅದು ಅಕ್ಕನ ಹಾಡು. ಅವ್ಳು ಇವತ್ತು ಮನೇಲಿಲ್ಲ."

ಅಷ್ಟು ದೊಡ್ಡ ಸಭೆ ಸುಮ್ಮನಾಯಿತು. ನಿನ್ನ ಗಂಟಲಿಗೂ ಹಾಗೆ ಸುಮ್ಮನಾಗಿಸಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದರ ಜೊತೆಗೇ ಎದ್ದು ನಿಂತೆ. ಯಾಕೆ ನಿಂತೆ ಎಂದು ಕೇಳಬೇಡ. ನಿಂತು, ಜೋರಾಗಿಯೇ ಹೇಳಿದೆ, "ಅವ್ಳು ಟ್ರಿಫಿ ಪಾರ್ಡಿ!"

ಪಕ್ಕದಲ್ಲಿದ್ದ ಮುತ್ತಿನ ಸರದ ಹೆಂಗಸು, "ಶ್! ಕೂತ್ಕೊಳ್ರಿ. ಅವ್ರ ಹೆಸ್ರು ಫೀನಾ ಪೇಜ್" ಎಂದಳು.

"ನಂಗೆ ಹೇಳಿಕೊಡ್ತೀರೇನ್ರಿ? ಅವ್ಳ ಮೂಗು ಒರೆಸಿ ಬೆಳೆಸ್ದೋಳು ನಾನು!" ಎಂದೆ. ಎಲಿ ನನ್ನ ಸ್ಕರ್ಟು ಹಿಡಿದು ಎಳೆದು ಕೂರಿಸಿದ.

ನೀನು ಒಂದು ಗಳಿಗೆ ನಮ್ಮ ಕಡೆ ನೋಡುತ್ತಾ ನಿಂತೆ. ನಿನಗೆ ಕೇಳಿಸಿತೋ, ಅದೂ ನಾಟಕದ್ದೇ ಭಾಗವೋ ನನಗೆ ತಿಳಿಯದು. ಮುಗಿದ ಮೇಲೆ ಹಿಂದಿನ ಬಾಗಿಲಿಗೆ ಬಂದೆವು. ಅಲ್ಲಿ ಹೂಗುಚ್ಛ ಹಿಡಿದವರ ಸಾಲು, ಎಲ್ಲರ ಬಾಯಲ್ಲೂ ನಿನ್ನ ಹೊಗಳಿಕೆ. ಆ ಸಾಲಿನ ಬಾಲಕ್ಕೆ ಹೋಗಿ ನಿಲ್ಲಲು ನನಗೆ ಆಗಲಿಲ್ಲ. ನನ್ನ ಸ್ವಭಾವ ಒಂದೇ ಸಂಜೆಯಲ್ಲಿ ಬದಲಾಗುತ್ತದೆ ಎಂದುಕೊಂಡಿದ್ದೆಯಾ? ಬಸ್ಸು ಹತ್ತಿ ಬಂದುಬಿಟ್ಟೆ.

ಆದರೆ ಹೆಸರು ಹೇಳಿಯಾಗಿದೆ, ಎಷ್ಟೋ ಜನರ ಎದುರಿಗೆ. ಪದ್ಧತಿ ನಿನಗೆ ಗೊತ್ತಲ್ಲ, ಇನ್ನು ಮುಸುಕು ತೆಗೆಯಲೇಬೇಕು, ಒಳಗೆ ಬಂದು ಕೇಕ್ ತಿನ್ನಲೇಬೇಕು. ಈ ಸಲದ್ದಕ್ಕೆ ಕಾಕಂಬಿ ಒಂದು ಸೌಟು ಜಾಸ್ತಿಯೇ ಬಿದ್ದಿದೆ. ಅಪ್ಪನ ಮಂಚಕ್ಕೆ ಹೊಸ ಹೊದಿಕೆ ಹಾಕಿದ್ದೇನೆ. ಚಳಿಗಾಲ ಪೂರ್ತಿ ಇದ್ದರೂ ಸರಿ, ನಾಟಕದವರು ಬಿಟ್ಟಷ್ಟು ದಿನ ಇದ್ದರೂ ಸರಿ.

ಹಾಡು ಮಾತ್ರ ನನ್ನದೇ. ನನ್ನ ಕಾಲ ಮುಗಿದ ಮೇಲೆ ಯಾರಿಗೆ ಎಂದು ಇನ್ನೂ ಯೋಚಿಸಿಲ್ಲ. ನೆಟ್ಟಾ ಕಲಿಯುತ್ತಿದ್ದಾಳೆ, ಕೊನೆಯ ಮಾತನ್ನು ಸರಿಯಾಗಿ ಹೇಳುತ್ತಾಳೆ ಈಗ. ಅದನ್ನು ಓದಿ ನಿನಗೂ ಸ್ವಲ್ಪ ಹೊಟ್ಟೆ ಉರಿಯಲಿ.

ಕ್ರಿಸ್‌ಮಸ್‌ಗೆ ಬಾ. ಬಂದರೆ ಬಾಗಿಲು ತಟ್ಟಬೇಡ.

ನಿನ್ನ ಅಕ್ಕ,
ಡ್ರೂ